ಜ್ವರ ಶುರುವಾದದ್ದು ಯಾವತ್ತು?

ಸಾಗರ ತಾಲ್ಲೂಕಿನ ಓದುಗರೊಬ್ಬರ ಪತ್ರ: “ಮಂಗನ ಕಾಯಿಲೆಯ ರಕ್ತಪರೀಕ್ಷೆಗೆ ಪ್ರತಿ ಸಲ ಶಿವಮೊಗ್ಗದ ದಾರಿ ಕಾಯಬೇಕು. ನಮ್ಮೂರ ಆರೋಗ್ಯ ಕೇಂದ್ರಕ್ಕೇ ಒಂದು ಪಿಸಿಆರ್ ಯಂತ್ರ ಕೊಟ್ಟರೆ ಆಗದೇ?”

ಮಂಗನ ಕಾಯಿಲೆ ಎಂದರೆ ಕಾಡಿನ ಉಣುಗು (ರಕ್ತ ಹೀರುವ ಉಣ್ಣೆ) ಕಚ್ಚಿ ಬರುವ ವೈರಾಣು ಜ್ವರ; ಪಿಸಿಆರ್ ಎಂದರೆ ಆ ವೈರಾಣುವಿನ ವಂಶವಸ್ತುವನ್ನೇ ಹುಡುಕುವ ಪರೀಕ್ಷೆ. ಯಂತ್ರ ಬಂದರೆ ಸಂತೋಷವೇ. ಆದರೆ ಮಳೆಗಾಲವಿಡೀ ಅದಕ್ಕೆ ಹೆಚ್ಚು ಕೆಲಸವಿಲ್ಲ. ಕಿಟ್‌ಗಳ ಅವಧಿ ಮುಗಿಯುತ್ತದೆ, ಫ್ರೀಜರ್‌ಗೆ ಬೇಕಾದ ಕರೆಂಟಿನ ಪಾಡು ಮಲೆನಾಡಿನವರಿಗೆ ಹೇಳಬೇಕಿಲ್ಲ. ಈ ವೈರಾಣು ಲ್ಯಾಬ್ ಸಿಬ್ಬಂದಿಗೇ ತಗುಲಿದ ಉದಾಹರಣೆಗಳೂ ಇವೆ. ಅದಿರಲಿ, ಪರೀಕ್ಷೆ ಬಹಳ ಸಲ ಕೆಡುವುದು ಟ್ಯೂಬು ಊರು ಬಿಡುವ ಮೊದಲೇ.

ಜ್ವರದ ಮೊದಲ ದಿನಗಳಲ್ಲಿ ವೈರಾಣು ರಕ್ತದಲ್ಲಿರುತ್ತದೆ, ಪಿಸಿಆರ್‌ಗೆ ಸಿಗುತ್ತದೆ. ಸುಮಾರು ಐದನೇ ದಿನದಿಂದ ಐಜಿಎಂ ಪ್ರತಿಕಾಯ (ಸೋಂಕಿನ ವಿರುದ್ಧ ಮೈ ಮೊದಲು ತಯಾರಿಸುವ ಪ್ರೋಟೀನ್) ಕಾಣತೊಡಗುತ್ತದೆ; ಅದನ್ನು ಹುಡುಕಲು ಎಲೈಸಾ ಎಂಬ ಬೇರೆ ಪರೀಕ್ಷೆ ಬೇಕು. ಫಾರಂನಲ್ಲಿ ರಕ್ತ ತೆಗೆದ ತಾರೀಕು ಮಾತ್ರ ಇದ್ದರೆ, ಎರಡು ವಾರದ ಜ್ವರಕ್ಕೆ ಬರೀ ಪಿಸಿಆರ್ ಮಾಡಿ ‘ನೆಗೆಟಿವ್’ ಎನ್ನುವ ಅಪಾಯವಿದೆ. ‘ಎಷ್ಟು ದಿನವಾಯ್ತು?’ ಎಂದರೆ ಎಲ್ಲರೂ ‘ಮೂರ್ನಾಲ್ಕು ದಿನ’ ಅನ್ನುವವರೇ. ‘ಸಂತೆ ದಿನ ಜ್ವರ ಇತ್ತಾ? ದರಗು (ಕಾಡಿನ ಒಣ ಎಲೆ) ತರಲು ಕೊನೆಯ ಸಲ ಹೋದದ್ದು ಯಾವತ್ತು?’ ಎಂದು ಆಶಾ ಕಾರ್ಯಕರ್ತೆ ಕೇಳಿದರೆ ತಾರೀಕು ತಾನೇ ಹೊರಬೀಳುತ್ತದೆ.

ಇನ್ನು ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ; ಪರೀಕ್ಷೆಗೆ ಹೋಗುವುದು ಅದೇ. ಕೆಂಪು ಮುಚ್ಚಳದ ಟ್ಯೂಬಿನಲ್ಲಿ 3ರಿಂದ 5 ಮಿಲಿ ರಕ್ತ ತೆಗೆದು, ಅರ್ಧ ಗಂಟೆ ನೆಟ್ಟಗೆ ನಿಲ್ಲಿಸಿ ಹೆಪ್ಪುಗಟ್ಟಲು ಬಿಡಬೇಕು. ಅವಸರಪಟ್ಟು ಹಸಿ ರಕ್ತವನ್ನೇ ಐಸಿಗೆ ತಾಗಿಸಿಟ್ಟರೆ ಕೆಂಪು ಕಣ ಒಡೆದು ಸೀರಮ್ ಕೆಂಪಾಗುತ್ತದೆ. ಹಿಮೋಗ್ಲೋಬಿನ್ ಪಿಸಿಆರ್‌ಗೆ ಅಡ್ಡಗಾಲು. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಬೇರ್ಪಡಿಸಿದ ಸೀರಮ್ ಒಣಹುಲ್ಲಿನ ಬಣ್ಣದಲ್ಲಿರಬೇಕು. ಮೂರು ಪದರದ ಪ್ಯಾಕಿಂಗ್, 2ರಿಂದ 8 ಡಿಗ್ರಿ. ಲೇಬಲ್ಲಿಗೆ ಬಾಲ್‌ಪೆನ್ ಬೇಡ, ಅಳಿಸದ ಮಾರ್ಕರ್ ಬೇಕು. ಐಸ್ ನೀರಿಗೆ ಹೆಸರು ಅಳಿಸಿದ ಟ್ಯೂಬು ಯಾರದ್ದೂ ಅಲ್ಲ.

ಮನುಷ್ಯರಿಗಿಂತ ಮೊದಲು ಸುಳಿವು ಕೊಡುವುದು ಮಂಗಗಳು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲೂ ಮಂಗಗಳ ಸಾವೇ ಗಮನ ಸೆಳೆದದ್ದು. ಸತ್ತ ಮಂಗನ ಮೈ ತಣ್ಣಗಾದಂತೆ ಉಣುಗು ಕಳಚಿ ಸುತ್ತಲ ದರಗಿಗೆ ಇಳಿಯುತ್ತದೆ. ಹಾಗಾಗಿ ಮುಟ್ಟದೆ, ಹತ್ತಿರಕ್ಕೆ ಯಾರನ್ನೂ ಬಿಡದೆ, ಜಾಗ ಗುರುತಿಸಿ ಅಂದೇ ತಿಳಿಸಬೇಕು. ಸಾವಿಲ್ಲದ ವಾರವೂ ರಿಜಿಸ್ಟರಿನಲ್ಲಿ ‘0’ ಬರೆಯಲೇಬೇಕು. ಖಾಲಿ ಬಿಟ್ಟರೆ ಮಂಗ ಸಾಯಲಿಲ್ಲವೋ, ನೋಡುವವರೇ ಇರಲಿಲ್ಲವೋ ತಿಳಿಯುವುದಿಲ್ಲ.

ಪಂಚಾಯಿತಿಯಲ್ಲಿ ಅರ್ಜಿ ಕೊಡುವುದಾದರೆ ಕೋಲ್ಡ್ ಬಾಕ್ಸ್, ಟ್ಯೂಬು, ಮಾದರಿ ಒಯ್ಯುವವರ ಬಸ್ ಖರ್ಚು ಇಷ್ಟನ್ನು ಕೇಳಿ. ಫಲಿತಾಂಶ ಆಶಾ ಕಾರ್ಯಕರ್ತೆಯ ಫೋನಿಗೂ ಬರಬೇಕೆಂದು ಸೇರಿಸಿ. ಅರ್ಜಿ ಅಕ್ಟೋಬರ್ ಒಳಗೇ ಹೋಗಲಿ. ನವೆಂಬರ್ ಬಂತೆಂದರೆ ಉಣುಗಿನ ಮರಿಗಳು ಎದ್ದಿರುತ್ತವೆ.