ಮನೆಸಾಲ ಬೇಗ ತೀರಿಸಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಸಾಲದ ಬಗ್ಗೆಯೇ ಇವೆ. ಲೆಕ್ಕ ಒಂದೇ ಅಳತೆಯಲ್ಲಿ ಸಿಗಲೆಂದು ಎಲ್ಲ ಉತ್ತರಗಳಲ್ಲೂ 30 ಲಕ್ಷ ರೂಪಾಯಿ ಸಾಲ, 20 ವರ್ಷದ ಅವಧಿ, ಶೇ. 8.5 ಬಡ್ಡಿ ಎಂದು ಹಿಡಿದಿದ್ದೇವೆ. ಇದಕ್ಕೆ ತಿಂಗಳ ಕಂತು 26,035 ರೂ. ನಿಮ್ಮ ಸಾಲ 15 ಲಕ್ಷವಾದರೆ ಹಣದ ಅಂಕಿಗಳನ್ನೆಲ್ಲ ಅರ್ಧ ಮಾಡಿಕೊಳ್ಳಿ; ವರ್ಷ, ತಿಂಗಳ ಲೆಕ್ಕ ಹಾಗೆಯೇ ಇರುತ್ತದೆ.

ಪ್ರಶ್ನೆ: ಐದು ವರ್ಷ ಒಂದೂ ಕಂತು ತಪ್ಪಿಸದೆ ಕಟ್ಟಿದ್ದೇವೆ. ಕಟ್ಟಿದ್ದು 15 ಲಕ್ಷ ದಾಟಿದೆ, ಆದರೆ ಬಾಕಿ 26 ಲಕ್ಷದ ಮೇಲೇ ತೋರಿಸುತ್ತಿದೆ. ಬ್ಯಾಂಕಿನ ಲೆಕ್ಕ ತಪ್ಪಿರಬಹುದೇ? ಈಗ ಕೈಯಲ್ಲಿ 2 ಲಕ್ಷ ಇದೆ, ಸಾಲಕ್ಕೆ ಹಾಕಬೇಕೆಂದಿದ್ದೇವೆ. (ಹಾಸನ)

ಲೆಕ್ಕ ತಪ್ಪಿಲ್ಲ. ಮೊದಲ ತಿಂಗಳ ಬಡ್ಡಿಯೇ 21,250 ರೂ. ನೀವು ಕಟ್ಟಿದ 26,035ರಲ್ಲಿ ಅಸಲಿಗೆ ಹೋದದ್ದು 4,785 ಮಾತ್ರ. 60 ಕಂತುಗಳಲ್ಲಿ 15.62 ಲಕ್ಷ ಕಟ್ಟಿದರೂ ಅಸಲು ಇಳಿದದ್ದು ಸುಮಾರು 3.56 ಲಕ್ಷ, ಬಾಕಿ 26.44 ಲಕ್ಷ. ಕಂತಿನ ಅರ್ಧ ಭಾಗ ಅಸಲಿಗೆ ಸೇರುವುದು 12ನೇ ವರ್ಷ ಮುಗಿಯುವ ಹೊತ್ತಿಗೆ. ಸಾಲ ಹಳೆಯದಾಗುವ ಮುನ್ನವೇ ಹೆಚ್ಚುವರಿ ಹಣ ಹಾಕಿ ಎನ್ನುವುದು ಇದಕ್ಕೇ.

ನಿಮ್ಮ 2 ಲಕ್ಷಕ್ಕೆ ಎರಡು ದಾರಿಗಳಿವೆ, ಮತ್ತು ಅವುಗಳ ನಡುವಿನ ವ್ಯತ್ಯಾಸ ದೊಡ್ಡದು. ಅವಧಿಯನ್ನು ಹಾಗೇ ಬಿಟ್ಟು ಕಂತು ಇಳಿಸಿದರೆ ಹೊಸ ಕಂತು ಸುಮಾರು 24,066 ರೂ. ಆಗುತ್ತದೆ. ಉಳಿದ 15 ವರ್ಷಗಳಲ್ಲಿ ಬಡ್ಡಿ ಉಳಿಯುವುದು ಸುಮಾರು 1.54 ಲಕ್ಷ. ಕಂತನ್ನು 26,035ರಲ್ಲೇ ಇಟ್ಟು ಅವಧಿ ಇಳಿಸಿದರೆ ಬಾಕಿ 180 ಕಂತು 155ಕ್ಕೆ ಬರುತ್ತದೆ, ಬಡ್ಡಿ ಉಳಿಯುವುದು ಸುಮಾರು 4.5 ಲಕ್ಷ. ಹಾಕುವ ಹಣ ಅದೇ, ಉಳಿತಾಯ ಮೂರು ಪಟ್ಟು. ಕಂತು ಕಟ್ಟುವುದೇ ಕಷ್ಟವಾಗಿದ್ದರೆ ಮಾತ್ರ ಮೊದಲ ದಾರಿ ಹಿಡಿಯಿರಿ.

ಹಲವರು ಎಡವುವುದು ಹಣ ಕಟ್ಟುವ ರೀತಿಯಲ್ಲಿ. ಸಾಲದ ಖಾತೆಗೆ ಸುಮ್ಮನೆ ಹಣ ವರ್ಗಾಯಿಸಿದರೆ ಕೆಲವು ಕಡೆ ಅದು ಮುಂದಿನ ತಿಂಗಳುಗಳ ಮುಂಗಡ ಕಂತು ಎಂದು ಕೂರುತ್ತದೆ. ಆಗ ಅಸಲು ಇಳಿಯುವುದೇ ಇಲ್ಲ. ಶಾಖೆಗೆ ಬರವಣಿಗೆಯಲ್ಲಿ ಕೊಡಿ: "ಇದು ಭಾಗಶಃ ಅಸಲು ಮರುಪಾವತಿ, ಕಂತು ಬದಲಿಸದೆ ಅವಧಿ ಕಡಿಮೆ ಮಾಡಿ." ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಒಂದು ವಾರ ಬಿಟ್ಟು ಹೊಸ ಮರುಪಾವತಿ ಪಟ್ಟಿ ತೆಗೆಸಿ, ಬಾಕಿ ಅಸಲು ಮತ್ತು ಕೊನೆಯ ಕಂತಿನ ತಿಂಗಳು ಎರಡನ್ನೂ ಹಳೆಯ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಕೊನೆಯ ತಿಂಗಳು ಹಿಂದಕ್ಕೆ ಸರಿದಿರದಿದ್ದರೆ ಕೆಲಸ ಆಗಿಲ್ಲ ಎಂದೇ ಅರ್ಥ.

ವ್ಯಕ್ತಿಗಳು ಪಡೆದ ಫ್ಲೋಟಿಂಗ್ (ಕಾಲಕಾಲಕ್ಕೆ ಏರಿಳಿಯುವ) ಬಡ್ಡಿಯ ಮನೆಸಾಲಕ್ಕೆ ಮುಂಚಿತ ಪಾವತಿಯ ದಂಡ ಹಾಕುವುದನ್ನು ರಿಸರ್ವ್ ಬ್ಯಾಂಕ್ 2012ರಲ್ಲೇ ನಿಲ್ಲಿಸಿದೆ. ಯಾರಾದರೂ ಕೇಳಿದರೆ ಯಾವ ನಿಯಮದಡಿ ಎಂದು ಬರೆದುಕೊಡಲು ಹೇಳಿ. ಸ್ಥಿರ ಬಡ್ಡಿಯ ಸಾಲವಾದರೆ ಒಪ್ಪಂದದ ಷರತ್ತು ಓದಿಕೊಂಡೇ ಮುಂದುವರಿಯಿರಿ.

ಪ್ರಶ್ನೆ: ಹೊಸದಾಗಿ ಸಾಲ ತೆಗೆದಿದ್ದೇವೆ. ಇಬ್ಬರೂ ದುಡಿಯುತ್ತೇವೆ, ಮಕ್ಕಳಿಬ್ಬರು ಶಾಲೆಗೆ ಹೋಗುತ್ತಾರೆ. ತಿಂಗಳಿಗೆ 5,000 ಹೆಚ್ಚು ಕಟ್ಟುವ ಆಸೆ. ಪ್ರತಿ ಸಲ ಬಜೆಟ್ ಬರೆಯುತ್ತೇವೆ, ಮೂರನೇ ತಿಂಗಳಿಗೆ ಮುರಿಯುತ್ತದೆ. (ಮೈಸೂರು)

ಮೊದಲು ಆ 5,000ದ ಬೆಲೆ ಎಷ್ಟೆಂದು ನೋಡಿ. ಮೊದಲ ತಿಂಗಳಿಂದಲೇ 31,035 ಕಟ್ಟುತ್ತಾ ಬಂದರೆ ಸಾಲ 13 ವರ್ಷ 8 ತಿಂಗಳಿಗೆ ಮುಗಿಯುತ್ತದೆ, ಸುಮಾರು 11.7 ಲಕ್ಷ ಬಡ್ಡಿ ಉಳಿಯುತ್ತದೆ. 3,000 ಮಾತ್ರ ಸಾಧ್ಯವಾದರೆ 15 ವರ್ಷ 7 ತಿಂಗಳು, ಉಳಿತಾಯ 8.3 ಲಕ್ಷ. ತಿಂಗಳಿಗೆ ಏನೂ ಆಗದು, ಆದರೆ ವರ್ಷಕ್ಕೊಮ್ಮೆ ಬೋನಸ್ಸಿನಿಂದ ಒಂದು ಕಂತು ಹೆಚ್ಚು ಕಟ್ಟಬಲ್ಲೆವು ಎಂದರೂ 16 ವರ್ಷ 9 ತಿಂಗಳಿಗೆ ತೀರುತ್ತದೆ, 6 ಲಕ್ಷದ ಮೇಲೆ ಉಳಿಯುತ್ತದೆ.

ಬಜೆಟ್ ಮೂರನೇ ತಿಂಗಳಿಗೆ ಮುರಿಯಲು ತರಕಾರಿ, ಹಾಲು ಕಾರಣವಲ್ಲ. ವರ್ಷಕ್ಕೊಮ್ಮೆ ಬರುವ ಖರ್ಚುಗಳು ತಿಂಗಳ ಪಟ್ಟಿಯಲ್ಲಿ ಇರುವುದಿಲ್ಲ, ತೊಂದರೆ ಅಲ್ಲಿದೆ. ಮೇ-ಜೂನ್‌ನಲ್ಲಿ ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರ; ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ; ಗೌರಿ-ಗಣೇಶ, ದಸರಾ, ದೀಪಾವಳಿಯ ಬಟ್ಟೆಬರೆ; ವಾಹನದ ವಿಮೆ, ಆರೋಗ್ಯ ವಿಮೆ; ಮದುವೆ-ಗೃಹಪ್ರವೇಶಗಳ ಮುಯ್ಯಿ; ಊರಿಗೆ ಹೋಗಿ ಬರುವ ಖರ್ಚು. ಕಳೆದ 12 ತಿಂಗಳ ಬ್ಯಾಂಕ್ ಮತ್ತು ಯುಪಿಐ ವಿವರ ಮುಂದಿಟ್ಟುಕೊಂಡು ಇವನ್ನೆಲ್ಲ ಹೆಕ್ಕಿ ತೆಗೆದು ಕೂಡಿಸಿ, 12ರಿಂದ ಭಾಗಿಸಿ. ವರ್ಷಕ್ಕೆ 1.44 ಲಕ್ಷ ಬಂದರೆ ತಿಂಗಳಿಗೆ 12,000. ಈ ಹಣವನ್ನು ಸಂಬಳ ಬಂದ ಮರುದಿನವೇ ಬೇರೊಂದು ಉಳಿತಾಯ ಖಾತೆಗೆ ತಾನಾಗಿ ಹೋಗುವಂತೆ ಮಾಡಿ. ಆ ಖಾತೆಗೆ ಯುಪಿಐ ಜೋಡಿಸಬೇಡಿ, ಡೆಬಿಟ್ ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಇದೊಂದು ಸರಿಹೋದರೆ ಉಳಿದ ಬಜೆಟ್ ನಿಲ್ಲುತ್ತದೆ.

ಇನ್ನು 5,000 ಎಲ್ಲಿಂದ ಬರಬೇಕು? ವಿದ್ಯುತ್ತಿನಿಂದ ಶುರುಮಾಡಿ. ಗೃಹಜ್ಯೋತಿ ಪಡೆಯುವ ಮನೆಯಲ್ಲಿ ನಿಮಗೆ ನಿಗದಿಯಾದ ಯೂನಿಟ್ ಮೀರಿ 200ರ ಒಳಗಿದ್ದರೆ ಹೆಚ್ಚಿನದಕ್ಕೆ ಮಾತ್ರ ಹಣ; 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ 210 ಯೂನಿಟ್ ಉರಿಸುವ ಮನೆಗೆ ಕೊನೆಯ 10 ಯೂನಿಟ್ ಬಹಳ ದುಬಾರಿ. 75 ವ್ಯಾಟಿನ ಹಳೆಯ ಫ್ಯಾನ್ ಬದಲು ಸುಮಾರು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ದಿನಕ್ಕೆ 12 ಗಂಟೆ ಓಡಿದರೆ ಒಂದಕ್ಕೆ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ 1 ಯೂನಿಟ್. ನಾಲ್ವರು ಒಬ್ಬರಾದ ಮೇಲೆ ಒಬ್ಬರು ಸ್ನಾನ ಮುಗಿಸಿ ಸ್ವಿಚ್ ಆರಿಸಿದರೆ, ದಿನವಿಡೀ ಬಿಸಿನೀರು ಹಿಡಿದಿಡಲು ಪೋಲಾಗುವ ವಿದ್ಯುತ್ ತಪ್ಪುತ್ತದೆ. ಮೀಟರನ್ನು ತಿಂಗಳ 20ನೇ ದಿನಕ್ಕೊಮ್ಮೆ ಓದುವ ಅಭ್ಯಾಸ ಮಾಡಿಕೊಳ್ಳಿ, ಉಳಿದ ದಿನಗಳಿಗೆ ಎಷ್ಟು ಯೂನಿಟ್ ಇದೆ ಎಂದು ತಿಳಿಯುತ್ತದೆ.

ಮೊಬೈಲಿನಲ್ಲಿ ತರಿಸುವ ಊಟಕ್ಕೆ ಪೂರ್ತಿ ಬೀಗ ಹಾಕಬೇಡಿ, ಹಾಗೆ ಮಾಡಿದ ಮನೆಗಳಲ್ಲಿ ಎರಡೇ ತಿಂಗಳಿಗೆ ಅದು ದುಪ್ಪಟ್ಟಾಗಿ ಮರಳುತ್ತದೆ. ವಾರಕ್ಕೊಂದು ಇದ್ದದ್ದನ್ನು ತಿಂಗಳಿಗೊಂದಕ್ಕೆ ಇಳಿಸಿದರೆ, ಒಂದು ಸಲಕ್ಕೆ 600 ರೂ. ಎಂದರೂ 1,800 ಉಳಿಯಿತು. ತಡವಾಗಿ ಮನೆಗೆ ಬರುವ ದಿನಗಳಿಗೆ ದೋಸೆ ಹಿಟ್ಟು, ಹುರಿದಿಟ್ಟ ರವೆ, ಚಟ್ನಿಪುಡಿ ಸಿದ್ಧವಿದ್ದರೆ ಆ ಖರ್ಚು ತಾನಾಗಿ ಕುಗ್ಗುತ್ತದೆ. ನೋಡದ ಒಟಿಟಿ, ಹೋಗದ ಜಿಮ್, ಮರೆತುಹೋದ ಆ್ಯಪ್ ಚಂದಾಗಳನ್ನು ಯುಪಿಐ ಆಟೊಪೇ ಪಟ್ಟಿಯಲ್ಲಿ ಹುಡುಕಿ ರದ್ದು ಮಾಡಿ. ಎರಡು ಸ್ಕೂಟರ್‌ನಲ್ಲಿ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಒಂದನ್ನು ನಿಲ್ಲಿಸಿ: ದಿನಕ್ಕೆ 30 ಕಿ.ಮೀ., ಲೀಟರಿಗೆ 45 ಕಿ.ಮೀ., ತಿಂಗಳಲ್ಲಿ 25 ದಿನ ಎಂದರೆ ಸುಮಾರು 17 ಲೀಟರ್ ಪೆಟ್ರೋಲ್. ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆ ಇದ್ದೇ ಇದೆ. ಫೋನ್, ಟಿ.ವಿ.ಗೆ ಹಾಕಿಸಿಕೊಂಡ ಕಂತು ಮುಗಿದ ತಿಂಗಳು ಅಷ್ಟೇ ಮೊತ್ತವನ್ನು ಮನೆಸಾಲಕ್ಕೆ ತಿರುಗಿಸಿ, ಆ ಹಣವಿಲ್ಲದೆ ಬದುಕುವುದು ಹೇಗೂ ಅಭ್ಯಾಸವಾಗಿರುತ್ತದೆ.

ಕೈ ಹಾಕಬಾರದ ಜಾಗಗಳೂ ಇವೆ. ಆರೋಗ್ಯ ವಿಮೆ, ದುಡಿಯುವ ಇಬ್ಬರ ಟರ್ಮ್ ವಿಮೆ, ಮಕ್ಕಳ ಹಾಲು-ಬೇಳೆ-ಮೊಟ್ಟೆ, ಸೋರುವ ತಾರಸಿಯ ರಿಪೇರಿ. ವಿಮೆ ನಿಲ್ಲಿಸಿ 2,000 ಉಳಿಸಿದ ಮನೆ ಒಂದು ಆಸ್ಪತ್ರೆ ಬಿಲ್ಲಿಗೆ ಮತ್ತೆ ಸಾಲಗಾರನಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ, ಆರೋಗ್ಯ ವಿಮೆಯ ಕಂತಿನ ಮೇಲೆ ಜಿಎಸ್‌ಟಿ ಇಲ್ಲ, ಹಾಗಾಗಿ ಮುಂದಿನ ನವೀಕರಣದಲ್ಲಿ ಕಂತನ್ನು ಸರಿನೋಡಿ.

ಉಳಿಸಿದ ಹಣ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಇರಲಿ ಎಂದುಕೊಂಡರೆ ಇರುವುದಿಲ್ಲ. 5,000ವನ್ನೂ ಸಂಬಳದ ಮರುದಿನವೇ ಕಳಿಸಿ. ನಿಮ್ಮ ಬ್ಯಾಂಕ್ ಅಷ್ಟು ಸಣ್ಣ ಮೊತ್ತವನ್ನು ಭಾಗಶಃ ಪಾವತಿಯೆಂದು ತೆಗೆದುಕೊಳ್ಳದಿದ್ದರೆ ಆರ್.ಡಿ. ಮಾಡಿ ಆರು ತಿಂಗಳಿಗೊಮ್ಮೆ 30,000 ಕಟ್ಟಿ, ಇಲ್ಲವೇ ಕಂತನ್ನೇ ಏರಿಸಿಕೊಡಲು ಕೇಳಿ.

ಪ್ರಶ್ನೆ: ರೆಪೊ ದರ ಇಳಿಯಿತೆಂದು ಪತ್ರಿಕೆಯಲ್ಲಿ ಓದಿದೆವು. ನಮ್ಮ ಕಂತು ಇಳಿದೇ ಇಲ್ಲ. (ಹುಬ್ಬಳ್ಳಿ)

ರೆಪೊ ಎಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ. 2025ರ ಫೆಬ್ರವರಿಯಿಂದ ಜೂನ್ ಒಳಗೇ ಅದು ಶೇ. 6.5ರಿಂದ 5.5ಕ್ಕೆ ಇಳಿಯಿತು. ಆ ಇಳಿಕೆ ನಿಮಗೆ ತಲುಪುವುದು ನಿಮ್ಮ ಸಾಲ ಯಾವುದಕ್ಕೆ ಜೋಡಣೆಯಾಗಿದೆ ಎಂಬುದರ ಮೇಲೆ ನಿಂತಿದೆ. 2019ರ ಅಕ್ಟೋಬರ್ 1ರ ನಂತರ ಬ್ಯಾಂಕುಗಳು ಕೊಟ್ಟ ಫ್ಲೋಟಿಂಗ್ ಮನೆಸಾಲ ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾಗಿದ್ದು, ಮೂರು ತಿಂಗಳಿಗೊಮ್ಮೆಯಾದರೂ ಬದಲಾಗಬೇಕು. ಅದಕ್ಕೂ ಹಿಂದಿನ ಎಂಸಿಎಲ್‌ಆರ್ ಅಥವಾ ಬೇಸ್ ರೇಟ್ (ಬ್ಯಾಂಕು ತಾನೇ ಲೆಕ್ಕ ಹಾಕುವ ದರ) ಸಾಲವಾದರೆ ಇಳಿಕೆ ನಿಧಾನ. ಸಣ್ಣ ಶುಲ್ಕ ಕಟ್ಟಿ ರೆಪೊ ಜೋಡಣೆಗೆ ಬದಲಿಸಿಕೊಳ್ಳಬಹುದು. ಗೃಹಸಾಲ ಸಂಸ್ಥೆಗಳಿಗೆ ಈ ರೆಪೊ ನಿಯಮವೇ ಇಲ್ಲ, ಅವು ತಮ್ಮದೇ ದರ ಇಟ್ಟುಕೊಂಡಿರುತ್ತವೆ. ಅಲ್ಲಿ ಹೊಸ ಗ್ರಾಹಕರಿಗೆ ಕೊಡುವ ದರವನ್ನು ತೋರಿಸಿ ಇಳಿಸಲು ಕೇಳಬೇಕು.

ಕಂತು ಇಳಿಯದಿದ್ದರೆ ಬೇಸರ ಬೇಡ, ಅವಧಿ ಇಳಿದಿದೆಯೇ ನೋಡಿ. ಸಾಲದ ಆರಂಭದಲ್ಲೇ ಬಡ್ಡಿ ಶೇ. 8.5ರಿಂದ 8ಕ್ಕೆ ಬಂದರೆ ಕಂತು 25,093ಕ್ಕೆ, ಅಂದರೆ 942 ರೂ. ಇಳಿಯುತ್ತದೆ. ಹಳೆಯ ಕಂತನ್ನೇ ಮುಂದುವರಿಸಿದರೆ 240 ಕಂತು 220ಕ್ಕೆ ಬರುತ್ತದೆ, ಕಂತು ಇಳಿಸಿಕೊಂಡದ್ದಕ್ಕಿಂತ 2.9 ಲಕ್ಷ ಹೆಚ್ಚು ಉಳಿಯುತ್ತದೆ. ಮನೆಯ ಬಜೆಟ್ಟಿನಲ್ಲಿ ಒಂದು ರೂಪಾಯಿಯನ್ನೂ ಕಡಿತ ಮಾಡದೆ ಸಿಗುವ ಉಳಿತಾಯ ಇದು. ದರ ಏರಿದಾಗ ಹೇಳದೆ ಅವಧಿ ಎಳೆಯುವ ಅಭ್ಯಾಸಕ್ಕೆ ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ 18ರ ಸುತ್ತೋಲೆ ತಡೆ ಹಾಕಿದೆ: ಕಂತು ಏರಿಸುವುದೋ, ಅವಧಿ ಹೆಚ್ಚಿಸುವುದೋ, ಎರಡೂ ಸ್ವಲ್ಪವೋ ಎಂಬ ಆಯ್ಕೆ ನಿಮ್ಮದು.

ಪ್ರಶ್ನೆ: ಪಿ.ಎಫ್., ಎಫ್.ಡಿ., ಚಿನ್ನ, ಚೀಟಿ ಎಲ್ಲ ಒಟ್ಟು ಮಾಡಿ ಸಾಲ ಮುಗಿಸಿಬಿಡಲೇ? ತೆರಿಗೆ ವಿನಾಯಿತಿ ಹೋಗುತ್ತದೆ ಎಂದು ಹೆದರಿಸುತ್ತಾರೆ. (ದಾವಣಗೆರೆ)

ಎಲ್ಲ ಒಟ್ಟು ಮಾಡಬೇಡಿ. ಆರು ತಿಂಗಳ ಮನೆಖರ್ಚು ಮತ್ತು ಆರು ಕಂತಿನಷ್ಟು ಹಣ ಎಫ್.ಡಿ.ಯಲ್ಲಿ ಹಾಗೇ ಇರಲಿ. ಅದಕ್ಕೂ ಮೀರಿದ ಎಫ್.ಡಿ. ಇದ್ದರೆ ಸಾಲಕ್ಕೆ ಹಾಕಬಹುದು; ಎಫ್.ಡಿ. ಬಡ್ಡಿ ಸಾಲದ ಬಡ್ಡಿಗಿಂತ ಕಡಿಮೆ, ಅದರ ಮೇಲೆ ತೆರಿಗೆ ಬೇರೆ. ಇ.ಪಿ.ಎಫ್. 2024-25ಕ್ಕೆ ಕೊಟ್ಟದ್ದು ಶೇ. 8.25. ಸಾಲದ ಬಡ್ಡಿಗೆ ಹೆಚ್ಚುಕಡಿಮೆ ಸಮ, ಮುಟ್ಟಬೇಡಿ. ಕ್ರೆಡಿಟ್ ಕಾರ್ಡ್ ಬಾಕಿ, ಕೈಸಾಲ, ಪರ್ಸನಲ್ ಲೋನ್ ಇದ್ದರೆ ಮನೆಸಾಲಕ್ಕಿಂತ ಮೊದಲು ಅವು ತೀರಬೇಕು. ಕಾರ್ಡಿಗೆ ತಿಂಗಳಿಗೆ ಶೇ. 3ರಂತೆ ಬಿದ್ದರೂ ವರ್ಷಕ್ಕೆ 36. ಚೀಟಿಯನ್ನು ಮೊದಲೇ ಕೂಗಿ ಎತ್ತಿದರೆ ಬಿಟ್ಟುಕೊಡುವ ಮೊತ್ತವೇ ಬಡ್ಡಿ. ಅದು ಸಾಮಾನ್ಯವಾಗಿ ಮನೆಸಾಲದ ಬಡ್ಡಿಯನ್ನು ಮೀರುತ್ತದೆ, ಕೊನೆಯ ತಿಂಗಳುಗಳವರೆಗೆ ಕಾಯಿರಿ.

ತೆರಿಗೆಯ ಮಾತು ಅರ್ಧ ಮಾತ್ರ ನಿಜ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿಯೇ ಇಲ್ಲ, ಕಳೆದುಕೊಳ್ಳುವುದೇನೂ ಇಲ್ಲ. ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ, ಶೇ. 30ರ ಹಂತದವರಿಗೂ ಅದರಿಂದ ಉಳಿಯುವುದು ಸೆಸ್ ಸೇರಿ 62,400. ಆ 62,400 ಉಳಿಸಲು 2 ಲಕ್ಷ ಬಡ್ಡಿ ಕಟ್ಟುತ್ತಿರುತ್ತೀರಿ.

ಪ್ರಶ್ನೆ: ಮುಂದಿನ ತಿಂಗಳು ಕೊನೆಯ ಮೊತ್ತ ಕಟ್ಟುತ್ತೇವೆ. ಆಮೇಲೆ ಏನೇನು ಕೇಳಿ ಪಡೆಯಬೇಕು? (ಶಿವಮೊಗ್ಗ)

ಕಟ್ಟುವ ಮೊದಲು, ಆ ದಿನಾಂಕದವರೆಗಿನ ಬಡ್ಡಿ ಸೇರಿಸಿದ ಮುಕ್ತಾಯ ಮೊತ್ತವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಸಾಲ ಪಡೆದಾಗ ಬ್ಯಾಂಕಿಗೆ ಒಪ್ಪಿಸಿದ ಪತ್ರಗಳ ಪಟ್ಟಿಯನ್ನೂ ಹುಡುಕಿಟ್ಟುಕೊಳ್ಳಿ. ಮೂಲ ಕ್ರಯಪತ್ರ, ಹಿಂದಿನ ಮಾಲೀಕರ ಪತ್ರಗಳು, ಖಾತಾ, ನಕ್ಷೆ ಎಲ್ಲವನ್ನೂ ಆ ಪಟ್ಟಿಗೆ ತಾಳೆ ಹಾಕಿ, ಪುಟ ಎಣಿಸಿ ತೆಗೆದುಕೊಳ್ಳಬೇಕು. ಪೂರ್ತಿ ಪಾವತಿಯಾದ 30 ದಿನದೊಳಗೆ ಮೂಲ ಪತ್ರ ಕೊಡಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂ. ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ಬಾಕಿ ಇಲ್ಲ ಎಂಬ ಪತ್ರ ಸಿಕ್ಕರೆ ಸಾಲದು. ಅಡಮಾನವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ್ದರೆ ಬ್ಯಾಂಕಿನ ಅಧಿಕಾರಿಯಿಂದ ಋಣಮುಕ್ತಿ ಪತ್ರ ಬರೆಸಿ ಅದನ್ನೂ ನೋಂದಾಯಿಸಬೇಕು. ಇಲ್ಲದಿದ್ದರೆ ಹತ್ತು ವರ್ಷದ ನಂತರ ಮನೆ ಮಾರಲು ಹೊರಟಾಗ ಇ.ಸಿ.ಯಲ್ಲಿ (ಋಣಭಾರ ಪ್ರಮಾಣಪತ್ರ) ಹಳೆಯ ಸಾಲ ಹಾಗೇ ನಿಂತಿರುತ್ತದೆ, ಆಗ ಆ ಶಾಖೆ ಎಲ್ಲಿ ವಿಲೀನವಾಗಿದೆ ಎಂದು ಹುಡುಕಬೇಕಾಗುತ್ತದೆ. ನೋಂದಣಿಯಾದ ಮೇಲೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಹೊಸ ಇ.ಸಿ. ತೆಗೆದು ಋಣಮುಕ್ತಿಯ ನಮೂದು ಬಂದಿದೆಯೇ ನೋಡಿ. ಅಡಮಾನಗಳ ಕೇಂದ್ರ ನೋಂದಣಿಯಾದ ಸರ್ಸಾಯ್ (CERSAI) ದಾಖಲೆಯಲ್ಲೂ ನಿಮ್ಮ ಮನೆಯ ಮೇಲಿನ ಹೊಣೆ ತೆಗೆಸಲು ಬ್ಯಾಂಕಿಗೆ ಹೇಳಿ. ಕಂತಿನ ಆಟೊ ಡೆಬಿಟ್ ಆದೇಶ ರದ್ದು ಮಾಡಿಸಿ, ಕೊಟ್ಟಿದ್ದ ಖಾಲಿ ಚೆಕ್‌ಗಳನ್ನು ವಾಪಸ್ ಪಡೆಯಿರಿ, ಸಾಲಕ್ಕೆಂದು ಬ್ಯಾಂಕಿನ ಹೆಸರಿಗೆ ಬರೆದುಕೊಟ್ಟ ವಿಮಾ ಪಾಲಿಸಿ ಇದ್ದರೆ ಮರಳಿ ನಿಮ್ಮ ಹೆಸರಿಗೆ ಮಾಡಿಸಿ. ಎರಡು ತಿಂಗಳು ಬಿಟ್ಟು ಸಿಬಿಲ್ ವರದಿ ತೆಗೆದು ಸಾಲ ಮುಕ್ತಾಯ ಎಂದು ನಮೂದಾಗಿದೆಯೇ ನೋಡಿಕೊಳ್ಳಿ.