ಹಿಂದಿನ ಚಕ್ರಕ್ಕೂ ಅಲೈನ್‌ಮೆಂಟ್ ಇದೆಯಾ?

ನಿಮ್ಮದು ಹೋಂಡಾ ಸಿಆರ್-ವಿ, ಹಿಂದಿನ ಎರಡೂ ಟೈರ್ ಒಳಬದಿಯಲ್ಲೇ ಸವೆಯುತ್ತಿವೆ, ಅಂಗಡಿಯವರು 'ಹಿಂದಕ್ಕೆ ಅಲೈನ್‌ಮೆಂಟ್ ಬರಲ್ಲ ಸಾರ್' ಅಂದಿದ್ದಾರೆ, ನಿಜವಾ ಅಂತ ಕೇಳಿದ್ದೀರಿ. ನಿಮ್ಮ ಗಾಡಿಗೆ ಬರುತ್ತದೆ. ಅದೂ ಮೊದಲು ಹಿಂದಿನದು, ಆಮೇಲೆ ಮುಂದಿನದು.

ಅವರ ಮಾತು ಎಲ್ಲ ಗಾಡಿಗೂ ತಪ್ಪಲ್ಲ. ಬ್ರೆಝಾ, ನೆಕ್ಸಾನ್ ತರಹದವುಗಳಲ್ಲಿ ಹಿಂದೆ ಎರಡು ಚಕ್ರಕ್ಕೂ ಸೇರಿ ಅಡ್ಡಕ್ಕೆ ಒಂದೇ ಬೀಮ್ ಇರುತ್ತದೆ, ತಿರುಗಿಸುವ ಬೋಲ್ಟೇ ಇಲ್ಲ. ಸಿಆರ್-ವಿ, ಎಕ್ಸ್‌ಯುವಿ 700, ಕಂಪಾಸ್‌ಗಳಲ್ಲಿ ಹಿಂದಿನ ಒಂದೊಂದು ಚಕ್ರಕ್ಕೂ ಬೇರೆ ಬೇರೆ ಆರ್ಮ್‌ಗಳಿವೆ, ಅಂದರೆ ಚಕ್ರವನ್ನು ಗಾಡಿಗೆ ಜೋಡಿಸುವ ಸರಳುಗಳು, ಅದಕ್ಕೇ ಹಿಂದೆಯೂ ಸರಿ ಮಾಡಬಹುದು.

ನನ್ನದೂ ಸಿಆರ್-ವಿ, ಊರು ತುಮಕೂರು. ಒಂದು ರಾತ್ರಿ ಕೊರಟಗೆರೆಯಿಂದ ಬರುವಾಗ ಎಡಗಡೆ ಹಿಂದಿನ ಚಕ್ರ ಗುಂಡಿಗೆ ಜೋರಾಗಿ ಬಿತ್ತು. ಮಾರನೇ ದಿನದಿಂದ ಗಾಡಿ ನೇರ ಹೋದರೂ ಸ್ಟೇರಿಂಗ್ ಓರೆ. ಎರಡು ಸಲ ಮುಂದಿನದ್ದಷ್ಟೇ ಅಲೈನ್‌ಮೆಂಟ್ ಮಾಡಿಸಿದೆ, ಎರಡು ಸಲವೂ ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಮತ್ತೆ ಅದೇ ಓರೆ. ಹಿಂದಿನ ಚಕ್ರ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತಿರುವಾಗ ಮುಂದೆ ಎಷ್ಟು ಸರಿ ಮಾಡಿದರೇನು, ಅಲ್ವಾ? ಕೊನೆಗೆ ಶಿರಾ ರಸ್ತೆಯ ಕಡೆ ನಾಲ್ಕೂ ಚಕ್ರಕ್ಕೆ ಟಾರ್ಗೆಟ್ (ಅಳತೆಯ ಫಲಕ) ಹಾಕಿ ನೋಡುವ ಅಂಗಡಿ ಸಿಕ್ಕಿತು. ಆ ಹಿಂದಿನ ಚಕ್ರದ ಟೋ, ಅಂದರೆ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಅರ್ಧ ಡಿಗ್ರಿ ಹೊರಕ್ಕಿತ್ತು.

ಅರ್ಧ ಡಿಗ್ರಿ ಅಂದರೆ ಸುಮ್ನೆ ಅಲ್ಲ. ಎರಡೂ ಚಕ್ರ ಅಷ್ಟಷ್ಟು ಹೊರಕ್ಕೆ ತಿರುಗಿದ್ದರೆ ಒಂದು ಕಿಲೋಮೀಟರಿಗೆ ಒಂದೊಂದು ಟೈರೂ ಸುಮಾರು 9 ಮೀಟರ್ ಅಡ್ಡಕ್ಕೆ ಉಜ್ಜಿದ ಲೆಕ್ಕ, ಬೆಂಗಳೂರಿಗೆ 70 ಕಿ.ಮೀ. ಹೋಗುವಷ್ಟರಲ್ಲಿ ಅರ್ಧ ಕಿಲೋಮೀಟರಿಗಿಂತ ಜಾಸ್ತಿ. ನಿಮ್ಮ ಟೈರಿನ ಮೇಲೆ ಅಂಗೈಯನ್ನು ಅಡ್ಡಕ್ಕೆ ಸವರಿ ನೋಡಿ. ಒಂದು ಕಡೆಗೆ ನುಣ್ಣಗೆ, ವಾಪಸ್ ಸವರಿದರೆ ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಅದು ಟೋ ಸಮಸ್ಯೆಯೇ. ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವುದು) ಮೇಲೆ ಅನುಮಾನ ಪಡುವುದು ಆಮೇಲೆ.

ಮಾಡುವ ಕೆಲಸ ಚಿಕ್ಕದು. ಕೆಳಗಿನ ಆರ್ಮ್ ಒಳತುದಿಯಲ್ಲಿ ಒಂದು ಕ್ಯಾಮ್ ಬೋಲ್ಟ್ (ತಿರುಗಿಸಿದರೆ ಆರ್ಮನ್ನು ಸ್ವಲ್ಪ ಸರಿಸುವ ಬೋಲ್ಟ್) ಇದೆ, ಅದರ ವಾಷರ್ ಮೇಲೆ ಸಣ್ಣ ಗೆರೆಗಳಿವೆ. ಹುಡುಗ ಮೊದಲು ಸೀಮೆಸುಣ್ಣದಲ್ಲಿ ಗುರುತು ಹಾಕಿದ. ತುಕ್ಕು ಹಿಡಿದಿತ್ತು, ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟ. ನಟ್ ಸಡಿಲಿಸಿ ಬೋಲ್ಟ್ ತಲೆಯನ್ನು ಒಂದು ಗೆರೆಯಷ್ಟು ತಿರುಗಿಸಿದ್ದೇ ತಡ, ಪರದೆಯಲ್ಲಿ ಅಂಕಿ ಓಡಿತು. ಅಂಕಿ ಸರಿಯಾಗಿ ಹಸಿರು ಬಂದ ಮೇಲೆ ನಟ್ ಬಿಗಿ ಮಾಡಿದರೆ ಮತ್ತೆ ಕೆಂಪು! ಬಿಗಿ ಮಾಡುವಾಗ ಬೋಲ್ಟೂ ಜೊತೆಗೆ ತಿರುಗುತ್ತದೆ. ಅವನು ಬೇಸರ ಮಾಡದೆ ಬಿಚ್ಚಿ, ಬೋಲ್ಟ್ ತಲೆಗೆ ಇನ್ನೊಂದು ಸ್ಪ್ಯಾನರ್ ಕೊಟ್ಟು ಹಿಡಿದು ಮತ್ತೆ ಮಾಡಿದ. ಬಿಗಿ ಮಾಡಿದ ಮೇಲಿನ ಅಂಕಿಯನ್ನೇ ನೀವು ನೋಡಬೇಕು, ಅದಕ್ಕೆ ಪಕ್ಕದಲ್ಲೇ ನಿಂತಿರಿ. ಗಾಡಿಯ ಭಾರ ಚಕ್ರದ ಮೇಲೆ ಇರುವಾಗಲೇ ಬಿಗಿ ಮಾಡಲಿ. ಜಾಕ್ ಮೇಲೆ ಚಕ್ರ ನೇತಾಡುವಾಗ ಮಾಡಿದರೆ ಆರ್ಮ್ ತುದಿಯ ಬುಷ್ (ರಬ್ಬರ್ ತುಂಡು) ತಿರುಚಿಕೊಂಡು ಬೇಗ ಹಾಳಾಗುತ್ತದೆ.

ಹೋಗುವ ಮುಂಚೆ ಗಾಳಿ ಸರಿ ಮಾಡಿಸಿ, ಡಿಕ್ಕಿ ಖಾಲಿ ಮಾಡಿ. ಹಿಂದಿನ ಆರ್ಮ್ ಬುಷ್‌ಗಳನ್ನು ಸಲಾಕೆ ಹಾಕಿ ಅಲ್ಲಾಡಿಸಿ ನೋಡಲು ಹೇಳಿ. ಬುಷ್ ಹೋಗಿದ್ದರೆ ಮೊದಲು ಅದು, ಇಲ್ಲದಿದ್ದರೆ ಸೆಟ್ಟಿಂಗ್ ನಿಲ್ಲುವುದಿಲ್ಲ.

ಆದ ಮೇಲೂ ಹಳೇ ಟೈರಿನಿಂದ ಗೊರ್ ಅನ್ನುವ ಸದ್ದು ಬರುತ್ತಲೇ ಇರಬಹುದು. ಗರಗಸದಂತೆ ಸವೆದದ್ದು ಒಂದೇ ದಿನಕ್ಕೆ ಸಮ ಆಗುವುದಿಲ್ಲ. ಬೇರಿಂಗ್ ಹೋಯಿತು ಅಂತ ತಕ್ಷಣ ಬಿಚ್ಚಿಸಬೇಡಿ, ಆ ಟೈರ್‌ಗಳನ್ನು ಮುಂದಕ್ಕೆ ಹಾಕಿ ಓಡಿಸಿ ನೋಡಿ. ಸದ್ದೂ ಮುಂದಕ್ಕೆ ಬಂದರೆ ಅದು ಟೈರಿನದೇ.