ಬಾದಾಮಿಯಿಂದ ಬಂದು ವಿಜಯಪುರ ನೋಡೋಕೆ ಅರ್ಧ ದಿನ ಸಾಕಾ?

ಬಾದಾಮಿಯಲ್ಲಿ ತಿಂಡಿ ಮುಗಿಸಿ ಹೊರಟು ಹನ್ನೊಂದರ ಹೊತ್ತಿಗೆ ವಿಜಯಪುರ ತಲುಪಿ, ಗೋಳಗುಮ್ಮಟ ನೋಡಿ ಸಂಜೆಗೆ ವಾಪಸ್, ಜೊತೆಗೆ ವಯಸ್ಸಾದ ಅಪ್ಪ ಅಮ್ಮ ಅಂತ ಬರೆದಿದ್ದೀರಿ. ಓದಿ ಸುಮ್ಮನಿರೋಕೆ ಆಗಲಿಲ್ಲ. ಎಂಟು ವರ್ಷದ ಹಿಂದೆ ನಾನು ಹಾಕಿದ್ದೂ ಇದೇ ಲೆಕ್ಕ. ಜೊತೆಗಿದ್ದದ್ದು ನಮ್ಮಮ್ಮ.

ಅಮ್ಮ ತಿಪಟೂರು ಕಡೆಯ ಹಳ್ಳಿಯವಳು. ಅವಳು ಮೂರನೇ ಕ್ಲಾಸಲ್ಲಿದ್ದಾಗ ಮೇಷ್ಟ್ರು, ಬಿಜಾಪುರದ ಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳುತ್ತೆ ಅಂತ ಹೇಳಿದ್ದರಂತೆ. ನಾವು ಚಿಕ್ಕವರಿದ್ದಾಗ ತೋಟದ ಬಾವಿಗೆ ಬಗ್ಗಿ ಓ ಅಂತ ಕೂಗಿದರೆ ಸಾಕು, "ಇದೇನು ಮಹಾ, ಬಿಜಾಪುರದಲ್ಲಿ ಏಳು ಸಲ ಬರುತ್ತೆ" ಅನ್ನುತ್ತಿದ್ದಳು. ತಾನಾಗಿ ಯಾವ ಊರಿಗೂ ಕರೆದುಕೊಂಡು ಹೋಗು ಅಂದವಳಲ್ಲ. ನಾನು ಹಂಪಿ, ಬಾದಾಮಿ, ಪಟ್ಟದಕಲ್ಲು ಅಂತ ಪಟ್ಟಿ ಮಾಡುತ್ತಿದ್ದಾಗ ಅಡುಗೆಮನೆಯಿಂದಲೇ "ಅಲ್ಲಿಂದ ಬಿಜಾಪುರ ಹತ್ರಾನೇನೋ?" ಅಂದಳು. ಅಷ್ಟೇ. ಅವಳಿಗೆ ಆಗ ಅರವತ್ತೆರಡು.

ನನ್ನ ತಪ್ಪು ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ಲಾನಿನಲ್ಲೂ ಅದು ಹಾಗೇ ಕೂತಿದೆ. ಬಾದಾಮಿಯಲ್ಲಿ ನಮ್ಮ ರೂಮಿನ ಬಾಡಿಗೆಯಲ್ಲಿ ಬೆಳಗಿನ ತಿಂಡಿ ಸೇರಿತ್ತು, ಅದು ಶುರುವಾಗೋದು ಎಂಟಕ್ಕೆ. ನಾಲ್ಕು ಜನರ ತಿಂಡಿಗೆ ದುಡ್ಡು ಕೊಟ್ಟಾಗಿದೆ, ಬಿಡೋದ್ಯಾಕೆ ಅಂತ ಕಾದೆ. ಬೆಳಗ್ಗೆ ಐದಕ್ಕೇ ಎದ್ದು ಸ್ನಾನ ಮಾಡಿ ಸೀರೆ ಉಟ್ಟು ಕೂತಿದ್ದ ಅಮ್ಮನನ್ನೂ ಕಾಯಿಸಿದೆ. ಹೊರಟಾಗ ಒಂಬತ್ತು ಸಮೀಪ. ಕೊಲ್ಹಾರದಲ್ಲಿ ಕೃಷ್ಣೆಯ ಸೇತುವೆ ಹತ್ತಿರ ಕಾರು ನಿಲ್ಲಿಸಿ ಮಣ್ಣಿನ ಕುಡಿಕೆಯ ಮೊಸರು ತಿಂದೆವು, ಫೋಟೋ ತೆಗೆದೆವು. ಗುಮ್ಮಟದ ಗೇಟಿಗೆ ಬಂದಾಗ ಹನ್ನೊಂದೂವರೆ ದಾಟಿತ್ತು. ಡಿಸೆಂಬರ್ ತಿಂಗಳ ಶನಿವಾರ. ಹೊರಗೆ ಶಾಲಾ ಪ್ರವಾಸದ ಬಸ್ಸುಗಳ ಸಾಲು.

ತಡವಾದರೆ ಏನಾಯ್ತು, ಕಲ್ಲಿನ ಕಟ್ಟಡ ಎಲ್ಲಿಗೂ ಓಡಿಹೋಗಲ್ಲ ಅನ್ನೋದು ನನ್ನ ತಲೆಯಲ್ಲಿದ್ದದ್ದು. ಪಟ್ಟದಕಲ್ಲಿನಲ್ಲಿ ಆ ಮಾತು ನಡೆಯುತ್ತೆ. ಎಷ್ಟು ಜನ ಇದ್ದರೂ ಗೋಡೆಯ ಮೇಲಿನ ಶಿಲ್ಪ ಶಿಲ್ಪವೇ. ಆದರೆ ಗೋಳಗುಮ್ಮಟಕ್ಕೆ ಜನ ಹೋಗೋದು ಅರ್ಧ ನೋಡೋಕೆ, ಅರ್ಧ ಕೇಳೋಕೆ. ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಅದರ ಬುಡದಲ್ಲಿ ಸುತ್ತಲೂ ಒಂದು ಮೊಗಸಾಲೆ ಇದೆ, ಅದೇ ಪಿಸುಗುಟ್ಟುವ ಗ್ಯಾಲರಿ. ಇಲ್ಲಿ ಗೋಡೆಗೆ ಮುಖ ಮಾಡಿ ಮೆಲ್ಲಗೆ ಮಾತಾಡಿದರೆ ದನಿ ಬಾಗಿದ ಗೋಡೆಯನ್ನು ಹಿಡಿದು ಆಚೆ ಬದಿಯಲ್ಲಿ ನಿಂತವರ ಕಿವಿಗೆ ಬರುತ್ತೆ. ಹಾಗೆ ಮೆಲುದನಿಯನ್ನು ಸಾಗಿಸುವ ಗೋಡೆ ಕಿರುಚಾಟವನ್ನೂ ಸಾಗಿಸುತ್ತೆ. ಒಬ್ಬ ಹುಡುಗ ಕೂಗಿದ್ದು ಏಳೆಂಟು ಸಲ ಮರಳಿ ಬಂದು ಅಡಗುವಷ್ಟರಲ್ಲಿ ಇನ್ನೊಬ್ಬ ಕೂಗಿರುತ್ತಾನೆ, ಅವನದು ಅಡಗುವ ಮೊದಲೇ ಮತ್ತೆ ಹತ್ತು ಜನ. ಇನ್ನೂರು ಮಕ್ಕಳು ಒಟ್ಟಿಗೆ ಸೇರಿದರೆ ಅಲ್ಲಿ ಮಾತೇ ಉಳಿಯಲ್ಲ, ಬರೀ ಗದ್ದಲದ ಗೋಡೆ. ಮಕ್ಕಳದೇನೂ ತಪ್ಪಿಲ್ಲ, ಅವರು ಬಂದಿರೋದೇ ಕೂಗೋಕೆ. ಆ ಹೊತ್ತಿಗೆ ಅಮ್ಮನನ್ನು ಅಲ್ಲಿಗೆ ಕರೆತಂದವನು ನಾನು.

ಮೇಲೆ ಹೋಗಬೇಕಾದರೆ ಮೂಲೆಯ ಗೋಪುರದೊಳಗಿನ ಮೆಟ್ಟಿಲು ಹತ್ತಬೇಕು. ಏಳು ಅಂತಸ್ತು. ಕಿರಿದಾದ ಸುತ್ತು ಮೆಟ್ಟಿಲು, ಒಂದೊಂದೂ ಎತ್ತರ. ಅವತ್ತು ಹತ್ತುವವರು, ಇಳಿಯುವವರು ಎಲ್ಲರಿಗೂ ಅದೊಂದೇ ದಾರಿ ಆಗಿತ್ತು. ಅಮ್ಮ ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು, ಮಕ್ಕಳ ಸಾಲು ಬಂದಾಗಲೆಲ್ಲ ಕಿಂಡಿಗೆ ಆತು ನಿಂತು ದಾರಿ ಬಿಟ್ಟು ಹತ್ತಿದಳು. ಮಾಳಿಗೆ ಮೇಲೆ ಗಾಳಿಗೆ ಎರಡು ನಿಮಿಷ ಕೂತು, ಸಣ್ಣ ಬಾಗಿಲಲ್ಲಿ ಬಗ್ಗಿ ಒಳಗೆ ಹೋದೆವು. ಒಳಗೆ ಕಾಲಿಡುತ್ತಲೇ ಅವಳು ಎರಡೂ ಕಿವಿ ಮುಚ್ಚಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು ಕೈ ತೆಗೆದು ಕೂಗಿದಳು. ತುಟಿ ಅಲ್ಲಾಡಿದ್ದು ಕಂಡಿತು. ಪಕ್ಕದಲ್ಲೇ ನಿಂತಿದ್ದ ನನಗೇ ಏನೂ ಕೇಳಿಸಲಿಲ್ಲ. "ನಡಿ, ಇಳಿಯೋಣ" ಅಂದಳು.

ಕೆಳಗೆ ಬಂದಾಗ ಕಾವಲಿನವರೊಬ್ಬರು ಅವಳ ಮುಖ ನೋಡಿ, "ಮಂದಿ ತುಂಬಿದ ಮ್ಯಾಲ ಗುಮ್ಮಟ ಏನೂ ಹೇಳಂಗಿಲ್ರಿ ಅವ್ವಾರ, ಮುಂಜಾನಿ ಬರಬೇಕಿತ್ರಿ" ಅಂದರು. ನಾಳೆ ಬೆಳಗ್ಗೆ ಬರೋಣ ಅನ್ನೋಕೆ ನಮ್ಮ ಹತ್ತಿರ ನಾಳೆ ಇರಲಿಲ್ಲ, ಸಂಜೆಗೆ ಹೊರಡೋದು ಅಂತ ನಾನೇ ಗೊತ್ತುಮಾಡಿದ್ದೆ. ಇಳಿಯುವಾಗ ಅವಳ ಬಲ ಮಂಡಿ ಹಿಡಿದುಕೊಂಡಿತ್ತು, ಊರಿನ ಇನ್ನೊಂದು ಸುಲ್ತಾನರ ಸಮಾಧಿ ಇಬ್ರಾಹಿಂ ರೋಜಾಗೆ ಹೋದಾಗ ಕಾರಿನಿಂದ ಇಳಿಯಲೇ ಇಲ್ಲ. ಅದಾದ ವರ್ಷದಿಂದ ಅವಳು ನಮ್ಮ ಮನೆಯ ಮಹಡಿ ಮೆಟ್ಟಿಲನ್ನೂ ಹತ್ತುತ್ತಿಲ್ಲ. ಒಂದು ಪ್ಲೇಟ್ ಇಡ್ಲಿಗೆ ಕಾಯದೆ ಹಿಂದಿನ ಸಂಜೆಯೇ ವಿಜಯಪುರಕ್ಕೆ ಬಂದು ಮಲಗಿದ್ದರೆ ಆಗುತ್ತಿತ್ತು.

ಮೂರು ವರ್ಷ ಬಿಟ್ಟು ನಾನೊಬ್ಬನೇ ಹೋದೆ, ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ. ಸ್ಟೇಷನ್ನಿನಿಂದ ಗುಮ್ಮಟ ತೀರಾ ಹತ್ತಿರ. ಎರಡು ರಾತ್ರಿ ಉಳಿದೆ. ಫೆಬ್ರವರಿಯ ಒಂದು ಮಂಗಳವಾರ, ಬೆಳಗಾಗಿ ಗೇಟು ತೆಗೆಯುವ ಹೊತ್ತಿಗೇ ಅಲ್ಲಿದ್ದೆ. ಗ್ಯಾಲರಿಯಲ್ಲಿ ಇದ್ದದ್ದು ನಾನು ಮತ್ತು ಕಾವಲಿನ ಒಬ್ಬ ಹಿರಿಯರು. ಅವರು ಎದುರು ಬದಿಗೆ ಹೋಗಿ ಜೇಬಿನಿಂದ ಒಂದು ಕಾಗದ ತೆಗೆದು ಉಜ್ಜಿದರು. ಆ ಪರಪರ ಸದ್ದು ನನ್ನ ಕಿವಿ ಪಕ್ಕದಲ್ಲೇ ಬಂತು. ಬೆಂಕಿಕಡ್ಡಿ ಗೀರಿದರು, ಅದೂ ಬಂತು. ಆಮೇಲೆ ಗೋಡೆಗೆ ಮುಖ ಮಾಡಿ "ಯಾವೂರ್ರೀ ನಿಮ್ದು?" ಅಂತ ಪಿಸುಗುಟ್ಟಿದರು. ನಾನು ಗೋಡೆಗೇ ತಿಪಟೂರು ಅಂದೆ.

ಫೋನ್ ತೆಗೆದು ಅಮ್ಮನಿಗೆ ಮಾಡಿದೆ. ಸ್ಪೀಕರ್ ಹಾಕಿ, ಗೋಡೆಗೆ ಹಿಡಿದು, "ಗುಮ್ಮಟದಲ್ಲಿದೀನಿ, ಕೂಗಮ್ಮ" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತೋಟದ ಬಾವಿಗೆ ಕೂಗುತ್ತಿದ್ದ ಹಾಗೇ "ಓ..." ಅಂದಳು. ಫೋನಿನ ಸಣ್ಣ ದನಿ. ಆದರೂ ಗುಮ್ಮಟ ಅದನ್ನು ಎತ್ತಿಕೊಂಡು ಸುತ್ತಿಸಿತು. ನಾನು ಐದರವರೆಗೆ ಎಣಿಸಿದೆ. "ಬಂತೇನೋ?" ಅಂತ ಕೇಳಿದಳು, ಅದೂ ಸುತ್ತಿ ಬಂತು.

ಹಾಗಾಗಿ ಅರ್ಧ ದಿನ ಸಾಕಾ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಎಷ್ಟು ಗಂಟೆ ಇರುತ್ತೀರಿ ಅನ್ನೋದಲ್ಲ, ಯಾವ ಹೊತ್ತಿಗೆ ಅಲ್ಲಿರುತ್ತೀರಿ ಅನ್ನೋದು ಮುಖ್ಯ. ಒಂದು ರಾತ್ರಿ ಉಳಿಯೋಕೆ ಆಗದಿದ್ದರೆ ಈ ಸಲ ವಿಜಯಪುರ ಬಿಟ್ಟೇಬಿಡಿ, ಮತ್ತೊಂದು ಸಲ ಬನ್ನಿ. ಉಳಿಯುವುದಾದರೆ ಬಾದಾಮಿಯಿಂದ ಮಧ್ಯಾಹ್ನ ಬಂದು ಸೀದಾ ಇಬ್ರಾಹಿಂ ರೋಜಾಗೆ ಹೋಗಿ.

ನನ್ನ ಕೇಳಿದರೆ ಊರಿನ ಅತಿ ಚೆಂದದ ಕಟ್ಟಡ ಅದೇ, ಗುಮ್ಮಟ ಅಲ್ಲ. ಎರಡನೇ ಇಬ್ರಾಹಿಂ ಆದಿಲ್ ಶಾಹ ಸರಸ್ವತಿಯ ಮೇಲೆ, ಗಣಪತಿಯ ಮೇಲೆ ಹಾಡು ಬರೆದ ಸುಲ್ತಾನ. ರಾಣಿ ತಾಜ್ ಸುಲ್ತಾನಾಗೆಂದು ಕಟ್ಟಿಸಲು ಶುರುಮಾಡಿದ ಸಮಾಧಿಯಲ್ಲಿ 1627ರಲ್ಲಿ ಅವನನ್ನೂ ಮಣ್ಣು ಮಾಡಿದರು. ಒಂದೇ ಜಗಲಿಯ ಮೇಲೆ ಸಮಾಧಿ ಮತ್ತು ಮಸೀದಿ ಎದುರುಬದುರು ನಿಂತಿವೆ. ಕಿಟಕಿಯ ಹತ್ತಿರ ಹೋಗಿ ನೋಡಿ: ಜಾಲರಿ ಅಂದುಕೊಂಡಿದ್ದು ಅಕ್ಷರಗಳು. ಕಲ್ಲನ್ನು ಅಕ್ಷರದ ಆಕಾರಕ್ಕೆ ಕೊರೆದು, ನಡುವಿನ ಸಂದಿನಲ್ಲಿ ಬೆಳಕು ಬರುವ ಹಾಗೆ ಮಾಡಿದ್ದಾರೆ. ಇದನ್ನು ದಕ್ಷಿಣದ ತಾಜ್‌ಮಹಲ್ ಅನ್ನುತ್ತಾರಲ್ಲ, ನನಗೆ ಸಿಟ್ಟು ಬರುತ್ತೆ. ಇಲ್ಲಿ ಸುಲ್ತಾನನನ್ನು ಮಣ್ಣು ಮಾಡಿ ನಾಲ್ಕೈದು ವರ್ಷ ಆದ ಮೇಲೆ ಆಗ್ರಾದ ತಾಜ್‌ಮಹಲಿನ ಕೆಲಸ ಶುರುವಾದದ್ದು.

ಮಾರನೇ ದಿನ ಬೆಳಗ್ಗೆ ಗುಮ್ಮಟ. ಅಪ್ಪ ಅಮ್ಮನಿಗೆ ಮಂಡಿ ನೋವಿದ್ದರೆ ಹತ್ತಿಸಬೇಡಿ, ಒತ್ತಾಯ ಬೇಡವೇ ಬೇಡ. ಕೆಳಗಿನ ಹಜಾರದಲ್ಲಿ ಮಹಮ್ಮದ್ ಆದಿಲ್ ಶಾಹನ ಸಮಾಧಿಯ ಹತ್ತಿರ ನಿಂತು ತಲೆಯೆತ್ತಿ ನೋಡಲಿ. ನಡುವೆ ಒಂದು ಕಂಬ ಇಲ್ಲ. ಎಂಟು ಕಮಾನುಗಳು ಒಂದರೊಳಗೊಂದು ಹೆಣೆದುಕೊಂಡು ಚೌಕದ ಕೋಣೆಯನ್ನು ಮೇಲೆ ದುಂಡಗೆ ಮಾಡಿ ಅಷ್ಟು ಭಾರ ಹೊತ್ತಿವೆ. ನೀವು ಮೇಲೆ ಹೋಗಿ ಅವರಿಗೆ ಫೋನ್ ಮಾಡಿ.

ಉಳಿದದ್ದಕ್ಕೆ ಆಟೋ ಹಿಡಿದರೆ ಸಾಕು. ಮಲಿಕ್-ಎ-ಮೈದಾನ್ ತೋಪು ತಪ್ಪಿಸಬೇಡಿ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ತೋಪು. ಅದರ ಬಾಯಿ ಆನೆಯನ್ನು ಕಚ್ಚಿ ನುಂಗುತ್ತಿರುವ ಮೃಗದ ಮುಖ, ಹಲ್ಲಿನ ನಡುವೆ ಆನೆ ಸಿಕ್ಕಿಬಿದ್ದಿದೆ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಹರಾಜಿಗಿಟ್ಟು 150 ರೂಪಾಯಿಗೆ ಕೂಗಿಸಿ ಆಮೇಲೆ ರದ್ದು ಮಾಡಿದರು. ಅಲ್ಲಿಂದ ಎತ್ತರದ ಕಾವಲು ಗೋಪುರ ಉಪ್ಪಲಿ ಬುರುಜು ಹತ್ತಿರ, ಅರ್ಧಕ್ಕೇ ನಿಂತ ಸಮಾಧಿ ಬಾರಾ ಕಮಾನಿಗೆ ಅರ್ಧ ಗಂಟೆ ಸಾಕು. ಜಾಮಿಯಾ ಮಸೀದಿಗೆ ಶುಕ್ರವಾರ ಮಧ್ಯಾಹ್ನ ಬೇಡ, ನಮಾಜಿನ ಹೊತ್ತು. ಗುಮ್ಮಟದ ಮುಂದಿನ ಮ್ಯೂಸಿಯಮ್ಮಿಗೂ ಶುಕ್ರವಾರ ರಜೆ. ಏಪ್ರಿಲ್, ಮೇ ಬಿಸಿಲಿಗೆ ಹಿರಿಯರನ್ನು ಕರೆತರಬೇಡಿ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ, ಆಗ ರೂಮು ಸಿಗೋದು ಕಷ್ಟ. ಡಿಸೆಂಬರಿನಲ್ಲೇ ಬರಬೇಕು ಅಂದರೆ ಶನಿವಾರ, ಭಾನುವಾರ ಬಿಡಿ.

ಬಾದಾಮಿಯ ಒಂದು ರಾತ್ರಿ ಕಡಿಮೆ ಮಾಡಿ ಅದನ್ನು ಇಲ್ಲಿಗೆ ಹಾಕಿ. ತಿಂಡಿ ಸೇರಿರುವ ರೂಮು ತೆಗೆದುಕೊಳ್ಳಬೇಡಿ. ಗುಮ್ಮಟ ಇಳಿದು ಬಂದ ಮೇಲೆ ಬಿಸಿ ಸೂಸಲ (ಮಂಡಕ್ಕಿ ಒಗ್ಗರಣೆ), ಮಿರ್ಚಿ ಬಜ್ಜಿ, ಚಹಾ ಸಿಗುತ್ತೆ. ಹತ್ತು ಗಂಟೆಗೆ ತಿಂದರೂ ನಡೆಯುತ್ತೆ.